ನಿಲ್ಲಿಸಿಟ್ಟ ಸೀಸೆ

ಬಾಗಿಲು ತೆರೆದಾಗ ಲೋಟ ಖಾಲಿಯಾಗಿತ್ತು.

ಎಡೆಯ ಎಲೆಯ ಮೇಲೆ ಬಾಡಿನ ಸಾರು ಹಾಗೇ ಇತ್ತು. ಮುದ್ದೆ ಹಾಗೇ ಇತ್ತು. ಕಜ್ಜಾಯ, ವಡೆ, ಒಂದು ಕಟ್ಟು ಬೀಡಿ, ಮಡಿಸಿಟ್ಟ ಹೊಸ ಪಂಚೆ, ಯಾವುದನ್ನೂ ಯಾರೂ ಮುಟ್ಟಿರಲಿಲ್ಲ. ಅರ್ಧ ಗಂಟೆಯ ಹಿಂದೆ ನನ್ನ ಕಣ್ಣೆದುರೇ ವೈನು ಸುರಿದಿಟ್ಟ ಗಾಜಿನ ಲೋಟ ಮಾತ್ರ ಬರಿದಾಗಿತ್ತು.

“ಬಂದವ್ನೆ ಕಣ್ರಪ್ಪಾ, ಬಂದವ್ನೆ ನನ್ ಮಗ!” ಚಿಕ್ಕಬಸಮ್ಮ ಹೊಸ್ತಿಲ ಮೇಲೇ ಕುಸಿದು ಕೂತರು. “ಓದ್ ವರ್ಸವೂ ಇಂಗೇ ಕುಡ್ಕಂಡೋದ. ಈ ವರ್ಸವೂ ಬಂದವ್ನೆ. ಅವ್ನ ದಾಹ ತೀರಿಲ್ಲ.”

ನನಗೆ ಅರವತ್ತೆರಡು ವಯಸ್ಸು. ಅಬಕಾರಿ ಇನ್ಸ್‌ಪೆಕ್ಟರ್ ಶಿವನಂಜಯ್ಯ ಅಂದರೆ ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟದವರೆಗೆ ಕಳ್ಳಭಟ್ಟಿಯವರು ಮಡಕೆ ಒಡೆದು ಓಡುತ್ತಿದ್ದ ಕಾಲವೊಂದಿತ್ತು. ಕುಡಿಯುವ ದೆವ್ವಗಳನ್ನು ಬೇಕಾದಷ್ಟು ಹಿಡಿದಿದ್ದೇನೆ. ಎಲ್ಲಕ್ಕೂ ಎರಡು ಕಾಲು, ಒಂದು ರೇಷನ್ ಕಾರ್ಡು ಇದ್ದೇ ಇರುತ್ತಿತ್ತು. ಆದರೂ ಆ ಲೋಟ ನೋಡಿ ನನ್ನ ಬೆನ್ನು ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ?

ಎರಡು ವರ್ಷದ ಹಿಂದೆ ಶಾಗ್ಯ ಎಂಬ ಈ ಊರಿನ, ಈ ಮನೆಯ ಹಿರಿಮಗ ಬಟ್ಲರ್ ಮಾದಸ್ವಾಮಿ ಹಿತ್ತಿಲ ಹಗೇವಿನಲ್ಲಿ, ಅಂದರೆ ರಾಗಿ ತುಂಬಿಡುವ ನೆಲಗುಣಿಯಲ್ಲಿ, ಉಸಿರುಕಟ್ಟಿ ಸತ್ತ. ಅದು ತಾನಾಗಿ ಆದ ಸಾವಲ್ಲ ಎಂದು ಅವನ ಹೆಂಡತಿ ಯಶೋದ ಹದಿನೈದು ದಿನದ ಹಿಂದೆ ಬಸ್ಸು ಹತ್ತಿ ನನ್ನ ಮನೆಗೆ ಬಂದಿದ್ದಳು. ಇಷ್ಟೇ ಕೇಸು.

ಇವತ್ತು ಮಹಾಲಯ ಅಮಾವಾಸ್ಯೆ. ಈ ಸೀಮೆಯಲ್ಲಿ ಹಿರಿಯರಿಗೆ ಎಡೆ ಇಟ್ಟು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತಾರೆ. ಸತ್ತವರು ಬಂದು ಉಂಡು ಹೋಗಲಿ ಎಂದು ಅಷ್ಟು ಹೊತ್ತು ಬಿಡುವು ಕೊಡುತ್ತಾರೆ. ನಾನು ಬಾಗಿಲಿಗೆ ಬೆನ್ನು ಕೊಟ್ಟೇ ಕೂತಿದ್ದೆ. ಒಂದು ಪಕ್ಕ ಯಶೋದ, ಎದುರಿಗೆ ಚಿಕ್ಕಬಸಮ್ಮ, ಜಗುಲಿಯಲ್ಲಿ ಅವರ ಕಿರಿಮಗ ಕುಮಾರಸ್ವಾಮಿ. ಮೂವರೂ ಒಂದು ನಿಮಿಷವೂ ಕದಲಿರಲಿಲ್ಲ.

ಒಳಗೆ ಹೋಗಿ ನೋಡಿದೆ. ಹಿತ್ತಿಲ ಕಡೆಯ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ.

“ಇದನ್ನ ಯಾಕಮ್ಮ ಹಾಕಿಲ್ಲ?”

“ಹಿರೀಕರು ಹಿಂದ್ಲಿಂದ ಬತ್ತಾರೆ ಸಾಮಿ. ಇವತ್ತೊಂದು ದಿನ ಅಗುಳಿ ಆಕ್ಬಾರ್ದು,” ಅಂದರು ಚಿಕ್ಕಬಸಮ್ಮ.

ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಮುಂದಿನ ಬಾಗಿಲು ಕಾದು ಹಿಂದಿನ ಬಾಗಿಲು ಮರೆತ ಜಾಣ ನಾನು! ಮೊದಲೇ ಕೇಳಿದ್ದರೆ ಇವರೇ ಹೇಳುತ್ತಿದ್ದರು.

ಬಾಗಿಲ ಪಕ್ಕದ ಗೋಡೆಯ ಬುಡದಲ್ಲಿ ಅಂಗೈಯಗಲ ನೆಲ ಒದ್ದೆಯಾಗಿತ್ತು. ಎಡೆಗೆ ಚಿಮುಕಿಸಿದ ನೀರಿರಬೇಕು ಅಂದುಕೊಂಡೆ. ಲೋಟ ಎತ್ತಿ ಮೂಸಿದೆ. ಒಳ್ಳೆಯ ವಾಸನೆ. ತಳದಲ್ಲಿ ಒಂದು ಹನಿ ಕೆಂಪು, ಗಸಿಯ ಒಂದು ಚೂರೂ ಇಲ್ಲ.

“ಬೆಕ್ಕು ಕುಡ್ದಿರ್ಬೋದು,” ಎಂದ ಕುಮಾರಸ್ವಾಮಿ.

“ಬಾಡು ಬಿಟ್ಟು ವೈನು ಕುಡಿಯೋ ಬೆಕ್ಕು ಇದ್ರೆ ನಂಗೊಂದು ತಂದುಕೊಡಪ್ಪ, ಸಾಕ್ತೀನಿ,” ಎಂದೆ.

ಅವನು ನಗಲಿಲ್ಲ. ಅಂಗಳದ ಕಡೆ ಕೈ ತೋರಿಸಿದ. ಅಲ್ಲಿ ಮಣ್ಣು ತುಂಬಿದ ಟ್ರಾಕ್ಟರು ನಿಂತಿತ್ತು. “ಅವ್ವ, ಇನ್ನು ತಡ ಮಾಡದು ಬ್ಯಾಡ. ಅಣ್ಣ ಆ ಅಗೇವಿಂದ್ಲೇ ಎದ್ದು ಬತ್ತಾವ್ನೆ. ಇವತ್ತೇ ಮುಚ್ಚಿಬುಡ್ತೀನಿ.”

“ಮುಚ್ಚು ಮಗ. ಯಸೋದಿ, ನೀನೂ ಬೆಳಿಗ್ಗೆ ಬಸ್ಗೆ ಅಜ್ಜೀಪುರಕ್ಕೆ ನಿಮ್ಮಪ್ಪನ ಮನೆಗೆ ಓಗ್ಬುಡವ್ವ. ನೀನಿರಗಂಟ ಅವ್ನು ಬರದು ಬುಡಾಕಿಲ್ಲ.”

ಯಶೋದ ಗೋಡೆಗೆ ಒರಗಿ ನಿಂತಿದ್ದಳು. ಮೂವತ್ತೈದರ ಹೆಂಗಸು, ಕಣ್ಣಲ್ಲಿ ಒಂದು ಹನಿ ನೀರಿಲ್ಲ. “ಕೇಳಿದ್ರಾ ಸಾ? ಅಗೇವು ಮುಚ್ಚಿದ್ರೆ ಅವ್ರ ಸಾವೂ ಮುಚ್ಚೋಯ್ತದೆ. ಆಮ್ಯಾಕೆ ನಾನು ಈ ಮನೇಲಿದ್ರೇನು, ಬುಟ್ರೇನು?”

ನಾನು ಟ್ರಾಕ್ಟರು ನೋಡಿದೆ, ಕುಮಾರಸ್ವಾಮಿಯನ್ನು ನೋಡಿದೆ. ಲೋಟ ಖಾಲಿಯಾದದ್ದು ಈಗ. ನಾನು ಬೆಳಿಗ್ಗೆ ಬಂದಾಗಲೇ ಟ್ರಾಕ್ಟರಿಗೆ ಮಣ್ಣು ತುಂಬಿತ್ತು.

“ಮುಚ್ಚುವಿಯಂತೆ, ಸ್ವಲ್ಪ ತಡಿ,” ಎಂದೆ. “ಮೊದಲು ಆ ಸೀಸೆ ಇತ್ಲಾಗೆ ಕೊಡಿ. ಸತ್ತವನು ಅಷ್ಟು ಆಸೆಪಟ್ಟು ಬರೋ ಅಂಥಾದ್ದು ಏನಿದೆ ಅಂತ ನಾನೂ ನೋಡ್ತೀನಿ.”

ಯಶೋದ ಎಡೆಯ ಪಕ್ಕದಲ್ಲಿದ್ದ ಸೀಸೆ ತಂದಳು. ಹಸಿರು ಗಾಜು, ಹಳದಿಯಾದ ಚೀಟಿ, ಅದರ ಮೇಲೆ 1981. ಫ್ರಾನ್ಸಿನ ಬೋರ್ಡೊ ಸೀಮೆಯ ಕೆಂಪು ವೈನು. ಮಾದಸ್ವಾಮಿ ಇಪ್ಪತ್ತು ವರ್ಷ ಪಾಂಡಿಚೇರಿಯಲ್ಲಿ ಒಬ್ಬ ಫ್ರೆಂಚ್ ದೊರೆಯ ಮನೆಯಲ್ಲಿ ಬಟ್ಲರ್ ಆಗಿದ್ದ. ದೊರೆ ತನ್ನ ದೇಶಕ್ಕೆ ಹೊರಟಾಗ ಒಂದು ಮರದ ಪೆಟ್ಟಿಗೆ ಕೊಟ್ಟು ಹೋದ, ಒಳಗೆ ಹನ್ನೆರಡು ಸೀಸೆ. ಊರಿಗೆ ತಂದವನು ಅದನ್ನು ಖಾಲಿ ಬಿದ್ದಿದ್ದ ಹಗೇವಿನಲ್ಲಿ ಹುಲ್ಲು ಹಾಸಿ ಮಲಗಿಸಿದ. ಕತ್ತಲೆ, ತಂಪು, ಅಲುಗಾಟವಿಲ್ಲ. ರಾಗಿ ಕೆಡದ ಕಡೆ ವೈನು ಕೆಡುತ್ತದೆಯೇ? ಅವನ ತಲೆಗೆ ನಾನು ಕೈ ಮುಗಿದೆ.

“ಯಾಕೆ ಎಂಬತ್ತೊಂದು? ಒಳ್ಳೇ ವರ್ಷವೇನಮ್ಮ ಅದು?”

“ಅವ್ರು ಏಳೋರು ಸಾ. ಎಂಬತ್ತೆರಡು ಬಂತಂತೆ, ದೊಡ್ಡ ವರ್ಸ. ಎಲ್ರೂ ಅದ್ರ ಇಂದೇ ಓಡುದ್ರಂತೆ. ಎಂಬತ್ತೊಂದರ ಕಡೆ ಯಾರೂ ತಿರುಗಿ ನೋಡ್ನಿಲ್ವಂತೆ. ಸದ್ದಿಲ್ದೆ ಚೆನ್ನಾಗಿ ಮಾಗೋ ವರ್ಸ ಇದು ಅಂತ ದೊರೆ ಏಳಿದ್ರಂತೆ.” ಅವಳು ಮೈದುನನ ಕಡೆ ನೋಡದೆ ಸೇರಿಸಿದಳು. “ಅವ್ವನ ಪಾಲಿಗೆ ನಾನೂ ಎಂಬತ್ತೊಂದೇ ಕಣೆ, ನಮ್ಮ ಕುಮಾರ ಎಂಬತ್ತೆರಡು ಅಂತ ನಗೋರು.”

ಚಿಕ್ಕಬಸಮ್ಮ ತಲೆ ತಗ್ಗಿಸಿದರು.

ನಾನೊಂದು ಲೋಟಕ್ಕೆ ಮೆಲ್ಲಗೆ ಸುರಿದೆ. ಬೆಳಕಿಗೆ ಹಿಡಿದರೆ ನಡುವೆ ಕಡುಗೆಂಪು, ಅಂಚಿನಲ್ಲಿ ಹಳೇ ಇಟ್ಟಿಗೆಯ ಬಣ್ಣ. ಮೂಸಿದಾಗ ಮೊದಲು ಏನೂ ಇಲ್ಲ, ಮುಚ್ಚಿಟ್ಟ ಕಣಜದ ಮುಗ್ಗು ವಾಸನೆ. ಇದಕ್ಕೇನಾ ಇಷ್ಟು ಗಲಾಟೆ ಅಂದುಕೊಂಡು ಕೆಳಗಿಟ್ಟೆ. ಎಲೆ ಅಡಿಕೆ ಹಾಕಬೇಕೆನಿಸಿತು, ತಡೆದುಕೊಂಡೆ.

ಕಾಲು ಗಂಟೆ ಬಿಟ್ಟು ಮತ್ತೆ ಎತ್ತಿದಾಗ ಅಯ್ಯಪ್ಪಾ, ಇದು ಬೇರೆಯೇ ಲೋಟ! ಸ್ಕೂಲಿನಲ್ಲಿ ಪೆನ್ಸಿಲ್ ಚೆತ್ತಿದಾಗ ಬರುತ್ತಿದ್ದ ವಾಸನೆ. ಅದರ ಹಿಂದೆ ಒಣಗಿದ ಹೊಗೆಸೊಪ್ಪು. ಅದರ ಹಿಂದೆ ಮಳೆ ಬಿದ್ದ ಮಣ್ಣು. ಬಾಯಿಗೆ ಬಿಟ್ಟುಕೊಂಡೆ. ಸಿಹಿ ಇಲ್ಲ, ಸಾರಾಯಿಯ ಉರಿ ಇಲ್ಲ. ನೇರಳೆ ಹಣ್ಣಿನ ಒಗರು ವಯಸ್ಸಾಗಿ ಮೆತ್ತಗಾದರೆ ಹೇಗೋ ಹಾಗೆ ನಾಲಿಗೆಯ ಮೇಲೆ ಹರಡಿತು. ನುಂಗಿದ ಮೇಲೂ ಹೋಗಲಿಲ್ಲ.

ಮೂವತ್ತು ವರ್ಷ ಕೆಟ್ಟದ್ದನ್ನೇ ಮೂಸಿದ ಮೂಗು ನನ್ನದು. ಒಳ್ಳೆಯದು ಇಷ್ಟು ತಡವಾಗಿ, ಸತ್ತವನ ಎಡೆಯಿಂದ ಸಿಕ್ಕಿತಲ್ಲ ಎಂದುಕೊಂಡೆ. ಎರಡನೆಯ ಗುಟುಕಿಗೆ ನಾನು ಕೇಸನ್ನೇ ಮರೆತಿದ್ದೆ. ಆ ತಪ್ಪಿನ ಬೆಲೆ ಗೊತ್ತಾದದ್ದು ಆಮೇಲೆ.

“ತಳದ ಎರಡು ಬೆಳ್ಳು ಬುಟ್ಬುಡಿ ಸಾ,” ಅಂದಳು ಯಶೋದ. “ಗಸಿ ಇರ್ತದೆ. ಅದ್ಕೇ ಎರಡು ದಿನ ಮುಂಚೆ ತಂದು ನಿಲ್ಸಬೇಕು. ಮಲಗಿದ್ದ ಸೀಸೆ ಎತ್ಕಂಡು ಬಂದು ಅವತ್ತೇ ತೆಗುದ್ರೆ ಎಲ್ಲ ಕದಡೋಯ್ತದೆ ಅಂತ ಅವ್ರು ಬೈಯೋರು. ಯಾರಿಗೆ ಅಂತ ಕತ್ತಿಗೊಂದು ಚೀಟಿ ಕಟ್ಟೋರು. ಎಸ್ರು, ತಾರೀಕು. ದೊರೆ ಮನೆ ಅಭ್ಯಾಸ.”

ನಾನು ಲೋಟ ಕೆಳಗಿಟ್ಟೆ. ಅದನ್ನು ಅವಳು ನನಗಾಗಿ ಹೇಳಿದ್ದಲ್ಲ ಎಂದು ಗೊತ್ತಾಯಿತು. ಕುಮಾರಸ್ವಾಮಿಗೆ ಕೇಳಲಿ ಎಂದೇ ಹೇಳಿದ್ದು.

“ಕುಮಾರ, ಬಾಪ್ಪ ಇಲ್ಲಿ. ಅಣ್ಣ ಸತ್ತ ದಿನ ಪೊಲೀಸರಿಗೆ ಏನು ಹೇಳಿದ್ದೆ?”

“ಎಷ್ಟ್ ಸಲ ಏಳದು ಸಾ? ಮದ್ಯಾನ್ನ ಬಂದೆ. ಬಾ ತಮ್ಮ, ಒಂದು ಸೀಸೆ ತತ್ತೀನಿ ಕುಡಿಯವಾ ಅಂತ ಅಣ್ಣ ಅಗೇವಿಗೆ ಇಳ್ದ. ಮ್ಯಾಲಕ್ಕೆ ಬರ್ಲೇ ಇಲ್ಲ. ಕೆಟ್ಟ ಗಾಳಿ ಒಡೀತು.”

“ಲಾಟೀನು ಇಳಿಬಿಟ್ಟು ನೋಡದೆ ಇಳಿದನಾ? ದೀಪ ಆರಿದರೆ ಇಳೀಬಾರದು ಅಂತ ಈ ಊರಲ್ಲಿ ಮೊಲೆ ಬಿಡದ ಕೂಸಿಗೂ ಗೊತ್ತು.”

“ಅವಸರ ಮಾಡ್ದ.”

“ಆಯ್ತು, ಅವಸರ. ತಂದ ಸೀಸೆಯನ್ನು ಎರಡು ದಿನ ನಿಲ್ಲಿಸದೆ ಮುಟ್ಟದವನು ಅವತ್ತು ಬಂದ ತಮ್ಮನಿಗೆ ಅವತ್ತೇ ತರೋಕೆ ಇಳಿದನಾ? ನೀನು ಬ್ರಾಂದಿ ಕುಡಿಯೋನು ಕುಮಾರ. ಅಂಗಡಿಯಿಂದ ತಂದು ಮುಚ್ಚಳ ತಿರುಗಿಸಿದರೆ ಮುಗೀತು. ವೈನೂ ಹಾಗೇ ಅಂದುಕೊಂಡು ಕತೆ ಕಟ್ಟಿದೆ.”

ಅವನ ಕೈ ತಾನಾಗಿ ಮೀಸೆಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ.

ಯಶೋದ ಸೊಂಟದ ಎಲೆ ಅಡಿಕೆ ಚೀಲದಿಂದ ಮಡಿಸಿದ ಕಾಗದದ ಚೂರು ತೆಗೆದು ನನ್ನ ಕೈಗಿಟ್ಟಳು. “ಅವತ್ತು ಗೋಡೆ ಗೂಡಲ್ಲಿ ಒಂದು ಸೀಸೆ ಆಗ್ಲೇ ನಿಂತಿತ್ತು ಸಾ. ಎರಡು ದಿನದಿಂದ. ಅದ್ರ ಕತ್ತಿಗೆ ಇದ ಕಟ್ಟಿತ್ತು.”

ದಪ್ಪ ಅಕ್ಷರ, ಪ್ರತಿಯೊಂದನ್ನೂ ಬಿಡಿಸಿ ಬರೆದ ಬಟ್ಲರನ ಕೈ. ‘ಕುಮಾರ.’ ಕೆಳಗೆ ಮಾದಸ್ವಾಮಿ ಸತ್ತ ದಿನದ ತಾರೀಕು.

ಚೀಟಿಯನ್ನು ಅವನ ಮುಖದ ಮುಂದೆ ಹಿಡಿದೆ. ಅವನು ಓದಿದ. ಇನ್ನೊಂದು ಸಲ ಓದಿದ.

“ನಂಗಾ? ಅಣ್ಣ ನಂಗೆ ಅಂತ ನಿಲ್ಸಿದ್ನಾ?”

“ನಿಂಗೇ. ರಾಜಿ ಆಗಾಣ ಅಂತ,” ಎಂದಳು ಯಶೋದ. “ಮುನಿಸ್ಕಂಡೋಗಿದ್ದ ತಮ್ಮ ಬತ್ತಾವ್ನೆ, ಕೋಳಿ ಕೂಯಿ ಅಂದಿದ್ರು.”

ಅವನ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೆ ಹಟಮಾರಿ, ಸುಲಭಕ್ಕೆ ಬೀಳುವ ಆಳಲ್ಲ. “ಸರಿ ಸಾ, ನಾನು ಸುಳ್ಳೇ ಏಳ್ದೆ ಅನ್ನಿ. ಅಂಗಾದ್ರೆ ಈ ಲೋಟ ಯಾರು ಕುಡುದ್ರು? ಅದ ಏಳಿ ಮದ್ಲು! ಅಣ್ಣ ಅಲ್ದೆ ಇನ್ಯಾರು?”

ಈ ಪ್ರಶ್ನೆಗೇ ನಾನು ಕಾದಿದ್ದೆ. ಮೀಸೆ ತೀಡಿಕೊಂಡು ನಕ್ಕೆ. “ದೆವ್ವ ಇಲ್ಲೇ ನಿಂತಿದೆ. ಯಶೋದ, ನೀನೇ ಹೇಳಿಬಿಡಮ್ಮ. ವಿಧವೆಯ ಮಾತು ಯಾರೂ ಕೇಳಲ್ಲ, ಸತ್ತವನು ಬಂದರೆ ಊರೇ ಕೇಳುತ್ತೆ. ಅದಕ್ಕೇ ನೀನೇ ಕುಡಿದೆ. ತಪ್ಪು ಮಾಡಿದವನು ಹೆದರಿ ಹೊರಗೆ ಬೀಳಲಿ ಅಂತ. ಅಲ್ವಾ?”

ಚಿಕ್ಕಬಸಮ್ಮ ಬಾಯಿಗೆ ಸೆರಗು ಅದುಮಿಕೊಂಡರು.

ಯಶೋದ ನನ್ನ ಕಣ್ಣನ್ನೇ ನೋಡಿದಳು. “ನಿಜ ಸಾ. ಇಂದ್ಲ ಬಾಗ್ಲಲ್ಲಿ ಓಗಿ ಗಟಗಟ ಕುಡ್ದೆ. ಅಳ್ತಾ ಕುಡ್ದೆ.”

“ನೋಡ್ದಾ ಕುಮಾರ?”

“ಅದು ಓದ್ ವರ್ಸ ಸಾ,” ಎಂದಳು ಯಶೋದ. “ಈ ವರ್ಸ ನಾನು ನಿಮ್ಮ ಪಕ್ಕದಲ್ಲೇ ಕುಂತಿದ್ದೆ.”

ನನ್ನ ನಗು ಎಲ್ಲಿತ್ತೋ ಅಲ್ಲೇ ನಿಂತಿತು.

ಹೌದು. ನನ್ನ ಮೊಣಕೈಗೆ ಅವಳ ಸೆರಗು ತಾಗುತ್ತಿತ್ತು. ಅವಳು ಕದಲಿರಲಿಲ್ಲ, ವೈನಿನ ಗುಂಗಿನಲ್ಲಿ ನಾನೇ ಅದನ್ನು ಮರೆತಿದ್ದೆ.

“ಇನ್ನೊಂದು ಮಾತು,” ಅವಳ ದನಿ ಇಳಿಯಿತು. “ನಾನು ಎಡೆಗೆ ಸುರಿದದ್ದು ಓದ್ ವರ್ಸ ತೆಗ್ದ ಸೀಸೆನೇ. ಅವ್ರು ಮೈದುನ್ಗೆ ನಿಲ್ಸಿದ್ದು. ಮಿಕ್ಕಿದ್ದಕ್ಕೆ ಬಿರಡೆ ಬಡ್ದು ಮಡ್ಗಿದ್ದೆ. ಇವತ್ತು ಸುರಿಯುವಾಗ ಉಳಿ ವಾಸ್ನೆ ಬಂತು. ಎಡೆಗೆ ತಾನೆ ಅಂತ ಸುಮ್ನಾದೆ. ನೀವು ಹ್ಯಾಗೆ ಅಷ್ಟು ಇಷ್ಟಪಟ್ಟು ಕುಡುದ್ರಿ ಸಾ?”

ಮೂವತ್ತು ವರ್ಷದ ಸರ್ವಿಸ್ ನನ್ನನ್ನು ನೋಡಿ ಕ್ಯಾಕರಿಸಿ ಉಗಿಯಿತು. ಹಣ್ಣಿನ ಮದ್ಯ ಬ್ರಾಂದಿಯಲ್ಲ. ಬಿರಡೆ ತೆಗೆದ ಮೇಲೆ ಒಂದು ವಾರ ಉಳಿದರೆ ಹೆಚ್ಚು, ವರ್ಷ ಕಳೆದರೆ ಹುಳಿನೀರು. ನಾನು ಕುಡಿದದ್ದು ಇವತ್ತು ತೆಗೆದ ಸೀಸೆಯದು.

ಒಳಗೆ ಓಡಿ ಗೋಡೆಯ ಬುಡದ ಒದ್ದೆ ನೆಲಕ್ಕೆ ಬಗ್ಗಿ ಮೂಸಿದೆ. ಹುಳಿ. ಮೂಗು ಸುಡುವಷ್ಟು ಹುಳಿ.

ಯಾರೋ ಹಿಂದಿನಿಂದ ಬಂದಿದ್ದರು. ಹೆಂಡತಿ ಇಟ್ಟದ್ದನ್ನು ಬಾಯಿಗೆ ಹಚ್ಚಿ, ಕೆಟ್ಟಿದೆ ಎಂದು ಚೆಲ್ಲಿದ್ದರು. ಹಳೆಯ ಸೀಸೆ ಒಯ್ದು ಹೊಸದನ್ನು ತಂದಿಟ್ಟಿದ್ದರು. ಗಸಿ ಕದಡದಂತೆ ಮೆಲ್ಲಗೆ ಸುರಿದು, ನಿಧಾನವಾಗಿ ಕುಡಿದು ಹೋಗಿದ್ದರು. ಆಗ ನಾನು ಬಾಗಿಲಿನ ಈಚೆ ಬೆನ್ನು ಕೊಟ್ಟು ಕೂತಿದ್ದೆ.

“ಹೊಸ ಸೀಸೆ ಮನೇಲಿ ಎಲ್ಲೆಲ್ಲಿ ಇದೆ?”

“ಎಲ್ಲೂ ಇಲ್ಲ ಸಾ. ಮಿಕ್ಕಿದ್ದೆಲ್ಲ ಅಗೇವಲ್ಲೇ. ಅವ್ರ ಹೆಣ ಎತ್ತಿದ್ ದಿನ್ವೇ ಮೈದುನ ಬಾಯಿ ಮುಚ್ಚಿ ಸಗಣಿ ಗಾರೆ ಮಾಡ್ದ.”

ನಾನು ಹಿತ್ತಿಲಿಗೆ ನಡೆದೆ. ಹೊತ್ತು ಇಳಿಯುತ್ತಿತ್ತು. ಸೀಬೆ ಮರದ ಕೆಳಗೆ ಕಲ್ಲುಚಪ್ಪಡಿ, ಸುತ್ತ ಗಾರೆ. ಕುಮಾರಸ್ವಾಮಿ ಓಡಿ ಬಂದು ಚಪ್ಪಡಿಯ ಮೇಲೆ ನಿಂತುಬಿಟ್ಟ.

“ತಗೀಬ್ಯಾಡಿ ಸಾ! ನಿಮ್ಮ ಕಾಲಿಗೆ ಬೀಳ್ತೀನಿ, ತಗೀಬ್ಯಾಡಿ!”

“ಯಾಕೋ?”

ಅವನ ಹಲ್ಲು ಕಟಕಟ ಅನ್ನುತ್ತಿತ್ತು. “ನಾನು ಇಳಿಸ್ನಿಲ್ಲ ಸಾ. ಮಾದಪ್ಪನಾಣೆ ಇಳಿಸ್ನಿಲ್ಲ. ಬಂದಾಗ ಅಣ್ಣ ಆಗ್ಲೇ ಒಳಗಿದ್ದ. ನಾನು ಚಪ್ಪಡಿ ಎಳ್ದೆ ಅಷ್ಟೇ. ಪಾಂಡಿಚೇರಿಯಿಂದ ಬಂದು ಯಜಮಾನಿಕೆ ಮಾಡ್ತಾನೆ ಅಂತ ಒಟ್ಟೆ ಉರೀತಿತ್ತು. ಒಂದ್ ಗಳಿಗೆ ಎದ್ರಲಿ ಅಂತ ಎಳ್ದೆ. ಬೀಡಿ ಸೇದಿ ಬಂದು ತಗುದ್ರೆ...”

ಚಿಕ್ಕಬಸಮ್ಮ ಅಂಗಳದಿಂದಲೇ ಕೇಳಿಸಿಕೊಂಡರು. ಅವರ ಬಾಯಿಂದ ಬಂದ ಸದ್ದನ್ನು ನಾನು ಬರೆಯಲಾರೆ. ಬಂದವರೇ ಮಗನ ಕೆನ್ನೆಗೆ ಬಾರಿಸಿದರು, ಆಮೇಲೆ ಅದೇ ಕೈಯಿಂದ ತಮ್ಮ ಹಣೆಗೆ ಹೊಡೆದುಕೊಂಡರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಮರುಕವೂ ಬಂತು.

“ತಪ್ಪು ಒಪ್ಪಿದೆಯಲ್ಲ, ಈಗ ಹಗೇವು ತೆಗೆಯೋಕೆ ಭಯ ಯಾಕೆ?” ಎಂದೆ.

ಅವನು ನನ್ನ ತೋಳು ಹಿಡಿದುಕೊಂಡ.

“ಚಪ್ಪಡಿ ಎಳಿಯಾ ಮದ್ಲು ಅಣ್ಣ ಒಳಗೆ ಮಾತಾಡ್ತಿದ್ದ ಸಾ. ಇನ್ನೊಬ್ರು ಉತ್ರ ಕೊಡ್ತಿದ್ರು. ಎರಡು ದನಿ ಇತ್ತು. ಆಮ್ಯಾಕೆ ಜನ ಸೇರಿ ಎತ್ತಿದ್ದು ಒಂದೇ ಹೆಣ.”

ಸೀಬೆ ಮರದಲ್ಲಿ ಒಂದು ಎಲೆಯೂ ಅಲುಗಲಿಲ್ಲ.

ಕೊಟ್ಟಿಗೆಗೆ ಹೋಗಿ ಹಾರೆ ತಂದವಳು ಯಶೋದ. ಮೈದುನನನ್ನು ಪಕ್ಕಕ್ಕೆ ತಳ್ಳಿ ಚಪ್ಪಡಿಯ ಸಂದಿಗೆ ತಾನೇ ಮೀಟಿದಳು. ಎರಡು ವರ್ಷದ ಗಾರೆ ಕಲ್ಲಿನಂತಿರಬೇಕಿತ್ತು. ಹೋಳಿಗೆಯ ಕಣಕದಂತೆ ಕಿತ್ತು ಬಂತು. ಒಳಗಿನ್ನೂ ಹಸಿ. ಮೆತ್ತಿ ಒಂದು ದಿನವೂ ಆಗಿರಲಿಲ್ಲ.

ನಾನೂ ಕೈಹಾಕಿದೆ. ಚಪ್ಪಡಿ ಸರಿಯಿತು. ತಂಪು ಕತ್ತಲೆಯ ಬಾಯಿ ತೆರೆದುಕೊಂಡಿತು. ಯಶೋದ ಲಾಟೀನು ಹೊತ್ತಿಸಿ ಹಗ್ಗಕ್ಕೆ ಕಟ್ಟಿ ನನ್ನ ಕೈಗೆ ಕೊಟ್ಟಳು.

“ಆರೋಯ್ತದೆ,” ಎಂದ ಕುಮಾರಸ್ವಾಮಿ. “ಎರಡು ವರ್ಸದ ಗಾಳಿ. ಆರ್ಲೇಬೇಕು.”

ಇಳಿಬಿಟ್ಟೆ. ಒಂದು ಮೊಳ, ಎರಡು ಮೊಳ, ಆಳೆತ್ತರ. ದೀಪ ಕುಗ್ಗಲಿಲ್ಲ. ತಳ ಮುಟ್ಟಿದ ಮೇಲೂ ದೇವರ ಮನೆಯ ನಂದಾದೀಪದ ಹಾಗೆ ನೆಟ್ಟಗೆ ಉರಿಯಿತು. ಈ ಗುಣಿಗೆ ಯಾರೋ ಗಾಳಿ ಆಡಿಸುತ್ತಿದ್ದರು. ಬರುತ್ತಿದ್ದರು, ಹೋಗುತ್ತಿದ್ದರು.

ಹತ್ತಿರದ್ದು ಕಾಣದ ನನ್ನ ಕಣ್ಣಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ. ಹುಲ್ಲಿನ ಮೇಲೆ ಸೀಸೆಗಳು ಸಾಲಾಗಿ ಮಲಗಿದ್ದವು. ಅವುಗಳಿಂದ ದೂರ, ಗುಣಿಯ ನಟ್ಟನಡುವೆ, ಒಂದೇ ಒಂದು ಸೀಸೆ ನಿಂತಿತ್ತು. ಅದರ ಕತ್ತಿನಲ್ಲಿ ಬೆಳ್ಳನೆಯ ಹೊಸ ಚೀಟಿ.

ನಾನು ಓದಿದೆ. ಗಟ್ಟಿಯಾಗಿ ಹೇಳಲು ಬಾಯಿ ಬರಲಿಲ್ಲ. ಪಕ್ಕದಲ್ಲಿ ಬಗ್ಗಿದ್ದ ಯಶೋದಳೇ ಹೇಳಿದಳು.

“ಅಕ್ಸರ ಅವ್ರದೇ ಸಾ. ಎಸ್ರು ನಂದು. ತಾರೀಕು ನಾಡಿದ್ದು, ಮಂಗಳವಾರ.”

ಚಿಕ್ಕಬಸಮ್ಮ ಸೊಸೆಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಸ್ವಲ್ಪ ಮುಂಚೆ ಹೇಳಿದ್ದೇ ಮಾತು, ಈಗ ಅಳುತ್ತಾ ಹೇಳಿದರು. “ಬೆಳಿಗ್ಗೆ ಬಸ್ಗೆ ಅಜ್ಜೀಪುರಕ್ಕೆ ಓಗ್ಬುಡು ಕೂಸೇ. ನಿನ್ ದಮ್ಮಯ್ಯ, ಓಗ್ಬುಡು.”

ಯಶೋದ ಅತ್ತೆಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ನಾನು ಕಂಡ ಮೇಲೆ ಮೊದಲ ಸಲ ಅವಳ ಕಣ್ಣು ತುಂಬಿತ್ತು.

“ನಂಗೆ ಅಂತ ನಿಲ್ಸಿರೋ ಸೀಸೆ ಅತ್ತೆ. ಬುಟ್ಟು ಎಲ್ಲಿಗೋಗ್ಲಿ?”